ಬಿಟಿಎಮ್ ಅಂದ್ರೆ ಮೂರು ಹಳ್ಳಿ

ಬಿಟಿಎಮ್ ಲೇಔಟ್‌ನಲ್ಲಿ ಇರೋರನ್ನ ಒಮ್ಮೆ ಕೇಳಿ ನೋಡಿ, ಬಿಟಿಎಮ್ ಅಂದ್ರೆ ಏನು ಅಂತ. ಎಂಜಿನಿಯರಿಂಗ್ ಮುಗಿಸಿದ ಹೊಸದರಲ್ಲಿ ನಾನೂ ಅಲ್ಲೇ ಒಂದು ಪಿಜಿಯಲ್ಲಿದ್ದೆ. ಯಾರೂ ಕೇಳಲಿಲ್ಲ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳ ಹೆಸರಿನಿಂದ ಒಂದೊಂದು ಇಂಗ್ಲಿಷ್ ಅಕ್ಷರ ತೆಗೆದುಕೊಂಡು ಬಡಾವಣೆಗೆ ಇಟ್ಟರು. ಅಕ್ಷರ ಉಳಿಯಿತು, ಹಳ್ಳಿ ಮರೆತುಹೋಯಿತು.

ಹೋದ ತಿಂಗಳು ಒಂದು ಭಾನುವಾರ ಬುಲೆಟಿನ್ ಇರಲಿಲ್ಲ. ಬೆಳಿಗ್ಗೆ ಆರಕ್ಕೇ ಎದ್ದು ಈ ಮೂರೂ ಊರುಗಳನ್ನ ನಡೆದುಕೊಂಡೇ ನೋಡೋಣ ಅಂತ ಹೊರಟೆ.

ಬೆಂಗಳೂರು ದಕ್ಷಿಣದಲ್ಲಿ ಹಳ್ಳಿ ಹುಡುಕೋದು ಕಷ್ಟವಲ್ಲ. 1948ರಲ್ಲಿ ಶುರುವಾದ ಜಯನಗರದಂಥ ಬಡಾವಣೆಗಳಲ್ಲಿ ರಸ್ತೆಗಳು ಸ್ಕೇಲ್ ಇಟ್ಟು ಗೀಚಿದ ಹಾಗಿರುತ್ತವೆ. ನೇರವಾಗಿ ಹೋಗ್ತಿದ್ದ ರಸ್ತೆ ದಿಢೀರನೆ ಸೊಟ್ಟಗಾಯ್ತಾ? ಕಾರು ಹೋಗದಷ್ಟು ಕಿರಿದಾಯ್ತಾ? ಒಂದು ಅರಳಿಕಟ್ಟೆ, ಪಕ್ಕದಲ್ಲೊಂದು ಅಮ್ಮನ ಗುಡಿ ಕಾಣ್ತಾ? ಅಲ್ಲಿಗೆ ನೀವು ಹಳ್ಳಿಯೊಳಗೆ ಬಂದ್ರಿ ಅಂತಲೇ ಅರ್ಥ. ಬೈರಸಂದ್ರದ 'ಸಂದ್ರ' ಅಂದ್ರೆ ಸಮುದ್ರ, ಅಂದ್ರೆ ಕೆರೆ. ತಾವರೆಕೆರೆ ಹೆಸರಲ್ಲೇ ಕೆರೆ. ಮಡಿವಾಳಕ್ಕೆ ದೊಡ್ಡ ಕೆರೆಯೇ ಇದೆ. ಮೂರೂ ನೀರಿನ ಊರುಗಳು. ಮಳೆಗಾಲದಲ್ಲಿ ನಾವು ಯಾಕೆ ಈ ಕಡೆಗೇ ಕ್ಯಾಮೆರಾ ಕಳಿಸ್ತೀವಿ ಅನ್ನೋದು ನನಗೆ ಅವತ್ತು ಅರ್ಥವಾಯ್ತು.

ಆದರೆ ನಾನು ಹೇಳಬೇಕಾಗಿರೋದು ಮಡಿವಾಳದ ಸೋಮೇಶ್ವರ ದೇವಸ್ಥಾನದ ಬಗ್ಗೆ. ಅದರ ಹೊರಗೋಡೆಯ ಮೇಲೆ 1247ರ ಒಂದು ತಮಿಳು ಶಾಸನ ಇದೆ. ತಮಿಳು ಯಾಕೆ ಅಂತ ಹುಬ್ಬೇರಿಸಬೇಡಿ. ಹನ್ನೊಂದನೇ ಶತಮಾನದ ಆರಂಭದಲ್ಲಿ ಗಂಗರ ನಾಡು ಚೋಳರ ಕೈಗೆ ಹೋಗಿತ್ತು. ಆಮೇಲೆ ಹೊಯ್ಸಳರು ಬಂದರೂ ಈ ಸೀಮೆಯಲ್ಲಿ ತಮಿಳು ಶಾಸನಗಳು ಮುಂದುವರಿದವು. ಆ ಶಾಸನದಲ್ಲಿ ಬರೋದು 'ವೆಂಗಳೂರು' ದೊಡ್ಡ ಕೆರೆಯ ಕೆಳಗಿನ ಜಮೀನಿನ ವಿಷಯ. ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ. ಅದಕ್ಕೆ 290 ವರ್ಷ ಮುಂಚೆ ಬೆಂಗಳೂರು ಅನ್ನೋ ಹೆಸರು ಈ ಗೋಡೆ ಮೇಲೆ! ದೇವಸ್ಥಾನದ ಹತ್ತಿರವೇ ತರಕಾರಿ ಮಾರುಕಟ್ಟೆ. ಸೊಪ್ಪು ತರೋಕೆ ಅಂತ ನಾನೇ ಎಷ್ಟು ಸಲ ಆ ಕಡೆ ಓಡಾಡಿದ್ದೇನೋ.

ಅಲ್ಲಿಂದ ಆಟೋ ಹತ್ತಿ ಬೊಮ್ಮನಹಳ್ಳಿ ದಾಟಿ ಬೇಗೂರಿಗೆ ಹೋದೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಇನ್ನೂ ಹಳೆಯ ಸಾಕ್ಷಿ ಇದೆ. ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಕನ್ನಡ ವೀರಗಲ್ಲು. ಇಲ್ಲಿನ ಅಧಿಕಾರಿ ನಾಗತ್ತರನ ಕಡೆಯವನೊಬ್ಬ 'ಬೆಂಗಳೂರು ಕಾಳಗ'ದಲ್ಲಿ ಸತ್ತ ಅನ್ನೋದು ಅದರ ವಿಷಯ. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿ ಬೇಯಿಸಿದ ಕಾಳು ಕೊಟ್ಟಳು, ಬೆಂದಕಾಳೂರು ಆಯ್ತು ಅಂತ ಕಥೆ ಹೇಳ್ತೀವಲ್ಲ? ಆ ಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದ್ರೆ ಅಜ್ಜಿ ಒಲೆ ಹಚ್ಚೋದಕ್ಕೆ ಸುಮಾರು 300 ವರ್ಷ ಮೊದಲೇ ಇಲ್ಲಿ ಬೆಂಗಳೂರು ಇತ್ತು. ಒಪ್ಪಿಕೊಳ್ತೀನಿ, ಆ ಕಾಳಿನ ಕಥೆಯನ್ನ ನಾನೇ ಸ್ಟುಡಿಯೋದಲ್ಲಿ ಕೂತು ಇತಿಹಾಸ ಅನ್ನೋ ಹಾಗೆ ಹೇಳಿದ್ದೇನೆ.

ಇಂಥ ಶಾಸನಗಳನ್ನ ಮೊದಲು ಊರೂರು ಸುತ್ತಿ ದಾಖಲಿಸಿದ್ದು ಬಿ. ಎಲ್. ರೈಸ್ ಮತ್ತು ಅವರ ಜೊತೆಗಿದ್ದ ನಮ್ಮ ಪಂಡಿತರು. ಬೆಂಗಳೂರು ಜಿಲ್ಲೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟ ಬಂದಿದ್ದು 1905ರಲ್ಲಿ. ಯಾವ ಕಲ್ಲು ಯಾವ ಹಳ್ಳಿಯ ಎಲ್ಲಿದೆ ಅಂತ ಬರೆದಿಟ್ಟರು. ಇವತ್ತು ಆ ಪುಸ್ತಕ ಹಿಡಿದು ಹೊರಟರೆ ಎಷ್ಟೋ ಕಡೆ ಹೊಲವೂ ಇಲ್ಲ, ಕಲ್ಲೂ ಇಲ್ಲ.

ಕಾಲೇಜಿನ ಸರ್ವೆ ಕ್ಲಾಸಿನಲ್ಲಿ ನಮಗೆ ಬೆಂಚ್‌ಮಾರ್ಕ್ ಅಂತ ಹೇಳಿಕೊಡ್ತಿದ್ರು. ಎತ್ತರ ಗುರುತು ಮಾಡಿದ ಒಂದು ಕಲ್ಲು. ಕಿತ್ತು ಬೇರೆ ಕಡೆ ಇಟ್ಟರೆ ಕಲ್ಲು ಅದೇ, ಆದರೆ ಲೆಕ್ಕ ಸತ್ತುಹೋಗುತ್ತೆ. ಶಾಸನವೂ ಹಾಗೆಯೇ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಯುದ್ಧದ ಗದ್ದಲ ಎಲ್ಲ ಕೆತ್ತಿರುವ ಅದ್ಭುತ ಕಲ್ಲು. ಸುರಕ್ಷಿತವಾಗಿದೆ, ಸಂತೋಷ. ಆದರೆ ಅಲ್ಲಿ ಅದು ಒಂದು ಶಿಲ್ಪ. ಬೇಗೂರಿನಲ್ಲಿ ಉಳಿದಿರೋದು ಚಿಕ್ಕದಾದರೂ 'ಇಲ್ಲೇ' ಅಂತ ಬೆರಳು ತೋರಿಸುತ್ತೆ.

ಹೆಬ್ಬಾಳದವರು ಈ ಕೆಲಸ ಚೆನ್ನಾಗಿ ಮಾಡಿದರು. ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಕಲ್ಲು 2018ರಲ್ಲಿ ಸಿಕ್ಕಾಗ ಅದನ್ನ ಊರಿನಲ್ಲೇ ಉಳಿಸಿಕೊಂಡರು. ಈಗ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿಸ್ತಿದ್ದಾರೆ. ಅಕ್ಷರ ಉಳಿಯುತ್ತೆ. ಜಾಗ ಉಳಿಸೋಕೆ ಯಾವ ಸ್ಕ್ಯಾನರ್ ಇದೆ? ಆ ಕಲ್ಲಿನ ಪಕ್ಕದಲ್ಲಿ ಮನೆ ಇರೋರು, ಚರಂಡಿ ಅಗೆಯೋ ಗುತ್ತಿಗೆದಾರರು, ನಮ್ಮ ಕಾರ್ಪೊರೇಶನ್ ಎಂಜಿನಿಯರುಗಳು, ಇವರಿಗೆ ಗೊತ್ತಿರಬೇಕು.

ಈ ನವೆಂಬರ್ 1ಕ್ಕೆ ಬೇಗೂರಿನಿಂದ ನೇರಪ್ರಸಾರ ಮಾಡೋಣ ಅಂತ ನಮ್ಮ ಸಂಪಾದಕರಿಗೆ ಹೇಳಿದ್ದೇನೆ. ಓಬಿ ವ್ಯಾನ್ ನಿಲ್ಲಿಸೋಕೆ ಅಲ್ಲಿ ಜಾಗ ಇದೆಯಾ ಅಂತ ಕೇಳಿದರು. ನೋಡಿಕೊಂಡು ಬರಬೇಕು.