ಅಜ್ಜನ ಕೋವಿ, ಅಣ್ಣನ ಡೈ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ನೆಪ ಒದಗಿಸಿದ್ದು ಟೆಕ್ಸಾಸ್‌ನಲ್ಲಿರುವ ದೊಡ್ಡಪ್ಪನ ಮಗ. ಅಲ್ಲಿನ ಪ್ರಜೆಯಾಗಿದ್ದಾನೆ, ಭಾನುವಾರ ಗುರಿ ಹೊಡೆಯೋ ಹವ್ಯಾಸ. ಹೊಡೆದು ಉಳಿದ ಹಿತ್ತಾಳೆ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಾನೆ. ಮೊನ್ನೆ ಫೋನ್ ಮಾಡಿ, "ಗುಂಡು ಕೂರಿಸೋಕೂ ಬಾಯಿ ಬಿಗಿ ಮಾಡೋಕೂ ಒಂದೇ ಡೈ ಸಾಕೇನೋ, ಎರಡು ತಗೊಳ್ಳಲಾ? ಇಂಜಿನಿಯರ್ ಅಲ್ವಾ ನೀನು, ಹೇಳು" ಅಂದ. ವಿಜಯನಗರದ ಬಾಡಿಗೆ ಮನೆಯಲ್ಲಿ ಕೂತು ಕೋಡ್ ಬರೆಯೋನಿಗೆ ಕೇಳೋ ಪ್ರಶ್ನೆನಾ ಇದು? :) ಆದರೂ ಓದ್ತಾ ಹೋದೆ. ಹೋಗಿ ನಿಂತಿದ್ದು ಕೊಪ್ಪದ ನಮ್ಮಜ್ಜನ ಕೋವಿಯ ಮುಂದೆ.

ಅಜ್ಜನದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಆಮೇಲೆ ಚರೆ, ಮತ್ತೆ ನಾರು. ಈಡು ಜಾರದ ಹಾಗೆ ಹಿಡಿದಿಡುವುದು ಆ ನಾರು. ತುಂಬುವವನೂ ಹೊಡೆಯುವವನೂ ಒಬ್ಬನೇ.

ಸೈನ್ಯದಲ್ಲಿ ಈ ಕೆಲಸ ಬೇಗ ಆಗಲಿ ಅಂತ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ಆ ಕಾಗದದ ತೋಟಾಕ್ಕೆ ದನ, ಹಂದಿಯ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿ ಹಬ್ಬಿತು. ಹಲ್ಲಿನಿಂದ ಕಚ್ಚಿ ಹರಿಯಬೇಕಾದವರು ಸಿಪಾಯಿಗಳು. ಮುಂದಿನದು ನಿಮಗೆಲ್ಲ ಗೊತ್ತು. ದಂಗೆ ಅಡಗಿದ ಮೇಲೆ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಕೊಡವರಿಗೆ ಮಾತ್ರ 1861ರ ಫೆಬ್ರವರಿಯಲ್ಲಿ ವಿನಾಯಿತಿ ಸಿಕ್ಕಿತು. ಕೊಟ್ಟಿದ್ದು ಮಾರ್ಕ್ ಕಬ್ಬನ್, ನಮ್ಮ ಕಬ್ಬನ್ ಪಾರ್ಕಿನ ಅದೇ ಕಬ್ಬನ್!

1866ರಲ್ಲಿ ಲೋಹದ ತೋಟಾಕ್ಕೆ ಎರಡು ಬಗೆಯ ಕೇಪು ಬಂದವು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಅವರದಕ್ಕೆ ತೋಟಾದ ತಳದ ನಡುವೆ ಒಂದೇ ತೂತು, ಅಮೆರಿಕದ ಹೈರಮ್ ಬರ್ಡನ್ ಅವರದಕ್ಕೆ ಸಾಮಾನ್ಯವಾಗಿ ಎರಡು. ತಮಾಷೆ ಅಂದ್ರೆ ಇಂಗ್ಲಿಷರದು ಅಮೆರಿಕದಲ್ಲಿ ಬೇರೂರಿತು, ಅಮೆರಿಕದವರದು ಯೂರೋಪಿನಲ್ಲಿ. ನಡುವೆ ಒಂದೇ ತೂತಿದ್ದರೆ ಒಳಗಿಂದ ಕಡ್ಡಿ ತೂರಿಸಿ ಹಳೇ ಕೇಪನ್ನು ಸಲೀಸಾಗಿ ತಳ್ಳಬಹುದು. ಅಮೆರಿಕದಲ್ಲಿ ಮನೆಮನೆಯಲ್ಲೂ ತೋಟಾ ತುಂಬುವ ರೂಢಿ ಬೆಳೆಯಲು ಇದೂ ಒಂದು ಕಾರಣ. 1884ರಲ್ಲಿ ಜಾನ್ ಬಾರ್ಲೋ ಶುರು ಮಾಡಿದ ಐಡಿಯಲ್ ಕಂಪನಿ ಇದಕ್ಕಾಗಿಯೇ ಇಕ್ಕಳದಂಥ ಸಾಧನ ಮಾರಿತು. ಇವತ್ತಿನ ಪ್ರೆಸ್, ಡೈಗಳು ಅದರ ಮೊಮ್ಮಕ್ಕಳು.

ಈಗ ಅಣ್ಣನ ಪ್ರಶ್ನೆಗೆ ಬರೋಣ. ರಿವಾಲ್ವರ್ ತೋಟಾಕ್ಕೆ ತಳದಲ್ಲಿ ಅಂಚು ಇರುತ್ತದೆ, ಅದೇ ಅದನ್ನು ತಡೆದು ನಿಲ್ಲಿಸುತ್ತದೆ. ಒಂದು ಗುಂಡು ಹಾರಿ ಕೈಗೆ ಒದ್ದಾಗ ಉಳಿದ ತೋಟಾಗಳಲ್ಲಿನ ಗುಂಡು ಮುಂದಕ್ಕೆ ಜರುಗಿ ಉರುಳೆ ಸಿಕ್ಕಿಕೊಳ್ಳಬಹುದು. ಅದಕ್ಕೇ ತೋಟಾದ ಬಾಯಿಯನ್ನು ಗುಂಡಿನ ಗಾಡಿಯೊಳಕ್ಕೆ ಮಡಚುತ್ತಾರೆ. ಇದು ರೋಲ್ ಕ್ರಿಂಪ್.

1902ರ ಸುಮಾರಿಗೆ ಆಸ್ಟ್ರಿಯಾ ಮೂಲದ ಗೆಯಾರ್ಗ್ ಲೂಗರ್ 9 ಮಿ.ಮೀ. ತೋಟಾ ತಂದರು. ಸ್ವಯಂಚಾಲಿತ ಪಿಸ್ತೂಲಿನದು, ಹೊರಚಾಚಿದ ಅಂಚಿಲ್ಲ. ಅದು ನಳಿಗೆಯೊಳಗಿನ ಮೆಟ್ಟಿಲಿಗೆ ಬಾಯಿ ತಾಗಿಸಿ ನಿಲ್ಲುತ್ತದೆ. ಆ ಬಾಯಿಯನ್ನೇ ಮಡಚಿದರೆ ತಡೆಯೋದು ಯಾವುದು? ಅದಕ್ಕೆ ಟೇಪರ್ ಕ್ರಿಂಪ್: ಗುಂಡು ಕೂರಿಸಲೆಂದು ಅಗಲಿಸಿದ ಬಾಯಿಯನ್ನು ನೆಟ್ಟಗೆ ಮಾಡಿ ತುಸುವೇ ಒತ್ತುವುದು.

ಎರಡೂ ಕೆಲಸ ಒಂದೇ ಡೈಯಲ್ಲಿ ಆಗುತ್ತದೆ, ಆದರೆ ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಂದಿಕೆ ಕೂದಲೆಳೆ ತಪ್ಪಿದರೂ ಸೀಸ ಹೆರೆದು ಬರುತ್ತದೆ, ತೋಟಾ ಉಬ್ಬುತ್ತದೆ. ಒಂದು ಫಂಕ್ಷನ್ನಿಗೆ ಎರಡು ಕೆಲಸ ಕೊಟ್ಟು ರಾತ್ರಿಯೆಲ್ಲ ಬಗ್ ಹುಡುಕಿದವರಿಗೆ ಬಿಡಿಸಿ ಹೇಳಬೇಕಿಲ್ಲ!

ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಕೊಡಗಿನ ಕೋವಿ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಜ್ಜ ಕೊಡಗಿನವರಲ್ಲ. ಲೈಸೆನ್ಸ್ ಇದ್ದರೂ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ಬರುತ್ತಿದ್ದರು. ಒಂದು ವರ್ಷ ಅದೇ ಹೊತ್ತಿಗೆ ಹಂದಿ ನುಗ್ಗಿ ಗದ್ದೆ ಮುಗಿಸಿತು. ಅಜ್ಜ ಬೈಯಲಿಲ್ಲ, ಜಗಲಿಯ ಖಾಲಿ ಗೂಟ ನೋಡುತ್ತಾ ಕೂತಿದ್ದರು. ಈಡು ತುಂಬುವ ಕೈ ಯಾರದು ಅನ್ನೋದನ್ನ 1857ರಿಂದಲೂ ಬೇರೆ ಯಾರೋ ತೀರ್ಮಾನಿಸ್ತಾ ಬಂದಿದ್ದಾರೆ ಅಂತ ನನಗೆ ಈಗ ಅನಿಸುತ್ತೆ.

ಅಣ್ಣನಿಗೆ ಹೇಳಿದೆ, "ಎರಡು ಡೈ ತಗೋ. ಅಜ್ಜ ಗಜ ಹಿಡಿದು ಹೇಳ್ತಿದ್ದದ್ದು ನೆನಪಿದೆಯಾ? ಮೊದಲು ಕೂರಿಸು, ಆಮೇಲೆ ಬಿಗಿ ಮಾಡು." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ನಾರು ತುರುಕಿ ಜಡಿಯೋದಕ್ಕೆ ನಿಮ್ಮ ಕಡೆ ಏನಂತಾರೆ? ಗೊತ್ತಿದ್ದವರು ಬರೀರಿ.