ಕುಗ್ರಾಮದ ಶಾಲೆ: ಮೇಷ್ಟ್ರನ್ನು ಕಳಿಸಲು ಕಾಯ್ದೆಯುಂಟು, ಉಳಿಸಿಕೊಳ್ಳಲು ನೆರವೆಷ್ಟು?

ಕೊಕ್ಕನೂರು (ಹರಿಹರ ತಾಲ್ಲೂಕು): ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಕೊಕ್ಕನೂರು ಮಲೇಬೆನ್ನೂರಿಗೆ ಸಮೀಪದ ಗ್ರಾಮ. ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿದ ಈ ಸೀಮೆಯಲ್ಲಿ ಭತ್ತವೇ ಮುಖ್ಯ ಬೆಳೆ. ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ ಮಲೇಬೆನ್ನೂರಿನ ಮೂಲಕವೇ ಹಾದುಹೋಗುತ್ತದೆ. ಹರಿಹರದಲ್ಲೋ ದಾವಣಗೆರೆಯಲ್ಲೋ ಮನೆ ಮಾಡಿಕೊಂಡು ಇಂಥ ಊರಿನ ಶಾಲೆಗೆ ನಿತ್ಯ ಬಂದುಹೋಗುವುದು ಶಿಕ್ಷಕರಿಗೆ ಪ್ರಯಾಸದ ಕೆಲಸವಾದರೂ ಅಸಾಧ್ಯವೇನಲ್ಲ.

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿರುವ ಇಂಡಿಗನತ್ತದಂಥ ಊರುಗಳಿಗೆ, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಚದುರಿದ ಮಜರೆಗಳಿಗೆ ನೇಮಕಗೊಂಡವರ ಪಾಡು ಬೇರೆಯೇ. ಅಲ್ಲಿ ಬಸ್ಸಿಳಿದ ಮೇಲೂ ಮೈಲಿಗಟ್ಟಲೆ ಕಾಡುದಾರಿ ಉಳಿದಿರುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆಗೆ ಹೋಗುವುದೂ ಇಲ್ಲ, ಶಾಲೆಯಿಂದ ಮರಳುವುದೂ ಇಲ್ಲ. ಇಷ್ಟು ಅಂತರವಿದ್ದರೂ ಸರ್ಕಾರದ ಕಡತಗಳಲ್ಲಿ ಇವೆಲ್ಲವೂ 'ಗ್ರಾಮೀಣ ಶಾಲೆ' ಎಂಬ ಒಂದೇ ಹೆಸರಿನಡಿ ಬರುತ್ತವೆ. ದುರ್ಗಮ ಪ್ರದೇಶದ ಶಿಕ್ಷಕರ ಸಮಸ್ಯೆಗಳ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ವಲಯ ಪದ್ಧತಿ ಮತ್ತು ವರ್ಗಾವಣೆ

ಶಿಕ್ಷಕರ ವರ್ಗಾವಣೆಯಲ್ಲಿ ಶಿಫಾರಸು ಹಾಗೂ ವಶೀಲಿಗೆ ಕಡಿವಾಣ ಹಾಕುವ ಉದ್ದೇಶದಿಂದ ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಿತು. ಶಾಲೆಗಳನ್ನು ಎ, ಬಿ ಮತ್ತು ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಲಾಯಿತು. ನಗರ–ಪಟ್ಟಣಗಳು ಎ ವಲಯಕ್ಕೂ, ಅವುಗಳಿಗೆ ಹೊಂದಿಕೊಂಡ ಪ್ರದೇಶ ಬಿ ವಲಯಕ್ಕೂ, ದೂರದ ಹಳ್ಳಿಗಳು ಸಿ ವಲಯಕ್ಕೂ ಸೇರಿದವು. ಖಾಲಿ ಹುದ್ದೆಗಳನ್ನು ಬಹಿರಂಗವಾಗಿ ತೋರಿಸಿ ಕೌನ್ಸೆಲಿಂಗ್ ಮೂಲಕ ಸ್ಥಳ ನೀಡುವ ಕ್ರಮದಿಂದ ಶಿಕ್ಷಕ ವರ್ಗಕ್ಕೆ ಸಾಕಷ್ಟು ಅನುಕೂಲವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಪತಿ–ಪತ್ನಿ ಪ್ರಕರಣ, ವಿಧವೆಯರು, ಅಂಗವಿಕಲರು, ತೀವ್ರ ಕಾಯಿಲೆಯುಳ್ಳವರು ಮೊದಲಾದವರಿಗೆ ಆದ್ಯತೆಯೂ ಉಂಟು.

ಆದರೆ 2019ರಲ್ಲಿ, ಎ ವಲಯದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರನ್ನು ಸಿ ವಲಯಕ್ಕೆ ಕಳಿಸುವ 'ಕಡ್ಡಾಯ ವರ್ಗಾವಣೆ' ಜಾರಿಗೆ ಬಂದಾಗ ರಾಜ್ಯದಾದ್ಯಂತ ಅಸಮಾಧಾನ ವ್ಯಕ್ತವಾಯಿತು. ಪರಿಣಾಮವಾಗಿ 2020ರಲ್ಲಿ ಹೊಸ ಕಾಯ್ದೆ ಬಂದಿತು. ನಗರದವರನ್ನು ಹಳ್ಳಿಗೆ ಕಳಿಸುವುದು ಶಿಕ್ಷೆಯಂತೆ ಕಂಡರೆ, ಹಳ್ಳಿಯಲ್ಲೇ ಹತ್ತಾರು ವರ್ಷ ದುಡಿದವರ ಸೇವೆಯನ್ನು ಏನೆಂದು ಪರಿಗಣಿಸಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ವಲಯ ಪದ್ಧತಿಯ ಮುಖ್ಯ ಅಳತೆ ಪಟ್ಟಣಕ್ಕೆ ಊರು ಎಷ್ಟು ಹತ್ತಿರ ಎಂಬುದೇ ಆಗಿದೆ. ರಸ್ತೆ, ಸೇತುವೆ, ಬಸ್ಸು, ಕಾಡು, ಕುಡಿಯುವ ನೀರು, ಬಾಡಿಗೆ ಮನೆ ಮುಂತಾದವುಗಳನ್ನು ಕಿಲೋಮೀಟರಿನ ಲೆಕ್ಕ ಹೇಳುವುದಿಲ್ಲ.

ತುಮರಿಯ ನಿದರ್ಶನ

ಇದಕ್ಕೆ ಸಾಗರ ತಾಲ್ಲೂಕಿನ ತುಮರಿ ಭಾಗ ಉತ್ತಮ ನಿದರ್ಶನ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದ ಈ ಭಾಗದ ಊರುಗಳು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟವು. ಜನ ದಶಕಗಳ ಕಾಲ ಲಾಂಚನ್ನೇ ನೆಚ್ಚಿಕೊಂಡಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹಿನ್ನೀರು ದಾಟುವ ನೇರ ದಾರಿ ಅಂದಿಗೆ ಮುಚ್ಚಿದಂತೆಯೇ. ಶಿಕ್ಷಕರಿಗೂ ರೋಗಿಗಳಿಗೂ ಒಂದೇ ಪಾಡು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾದ ಬಳಿಕ ಈ ತೊಡಕು ನಿವಾರಣೆಯಾಗಿದೆ. ಅಲ್ಲಿನ ಶಾಲೆಗಳ ಮಟ್ಟಿಗೆ ಯಾವುದೇ ವರ್ಗಾವಣೆ ಆದೇಶಕ್ಕಿಂತ ಈ ಒಂದು ಸೇತುವೆಯೇ ಹೆಚ್ಚಿನ ಉಪಕಾರ ಮಾಡಿದೆ ಎಂದರೆ ತಪ್ಪಾಗದು. ಊರಿನ ಕಷ್ಟ ಕಾಲಕಾಲಕ್ಕೆ ಬದಲಾಗುತ್ತದೆ. ಕಷ್ಟದ ಊರುಗಳ ಪಟ್ಟಿಯೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಭತ್ಯೆಯ ವಿಪರ್ಯಾಸ

ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಪರಿಷ್ಕೃತ ವೇತನ ಜಾರಿಗೆ ಬಂದಿದೆ. ಮನೆ ಬಾಡಿಗೆ ಭತ್ಯೆಯನ್ನು ಸ್ಥಳದ ಜನಸಂಖ್ಯೆಗೆ ಅನುಗುಣವಾಗಿ ಮೂಲ ವೇತನದ ಶೇ 20, ಶೇ 15 ಮತ್ತು ಶೇ 7.5 ಎಂದು ನಿಗದಿಪಡಿಸಲಾಗಿದೆ. ನಗರದಲ್ಲಿ ಬಾಡಿಗೆ ಹೆಚ್ಚು ಎಂಬ ತರ್ಕ ಸರಿಯಾದದ್ದೇ. ಆದರೆ ಬಾಡಿಗೆಗೆ ಮನೆಯೇ ಸಿಗದ ಊರಿನ ಶಿಕ್ಷಕ ಅತಿ ಕಡಿಮೆ ದರದ ಭತ್ಯೆ ಪಡೆದು, ಪಟ್ಟಣದಲ್ಲಿ ಸಂಸಾರ ಇಟ್ಟು, ನಿತ್ಯ ಪೆಟ್ರೋಲಿಗೂ ಹಣ ತೆರಬೇಕಾಗುತ್ತದೆ. ಕಷ್ಟದ ಊರಿಗೆ ಹೋದವನ ಕೈಗೆ ನಗರದವನಿಗಿಂತ ಕಡಿಮೆ ಸಂಬಳ ಉಳಿಯುತ್ತದೆ.

ಈ ವಿಷಯ ಹೊಸದಲ್ಲ. 1966ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಾಗೂ ಯುನೆಸ್ಕೊ ಶಿಕ್ಷಕರ ಸ್ಥಾನಮಾನ ಕುರಿತು ಅಂಗೀಕರಿಸಿದ ಶಿಫಾರಸು, ದೂರದ ಪ್ರದೇಶದ ಶಿಕ್ಷಕರಿಗೆ ಉಚಿತ ಅಥವಾ ರಿಯಾಯಿತಿ ಬಾಡಿಗೆಯ ವಸತಿ ಒದಗಿಸಬೇಕೆಂದು ಹೇಳಿತ್ತು. ಅದೇ ವರ್ಷ ವರದಿ ನೀಡಿದ ಕೊಠಾರಿ ಆಯೋಗ, ಗ್ರಾಮೀಣ ಭಾಗದ ಶಿಕ್ಷಕಿಯರಿಗೆ ವಸತಿಯ ಜೊತೆಗೆ ವಿಶೇಷ ಭತ್ಯೆಯನ್ನೂ ಸೂಚಿಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಯ ಬಳಿಯಲ್ಲೇ ಮನೆ ಅಥವಾ ಹೆಚ್ಚಿನ ಮನೆ ಬಾಡಿಗೆ ಭತ್ಯೆ ನೀಡಬೇಕೆಂದಿದೆ. ಆಫ್ರಿಕಾದ ಪುಟ್ಟ ರಾಷ್ಟ್ರ ಗ್ಯಾಂಬಿಯಾ 2006ರಲ್ಲಿ, ಮುಖ್ಯ ರಸ್ತೆಯಿಂದ 3 ಕಿ.ಮೀ.ಗಿಂತ ದೂರದ ನಿಗದಿತ ಪ್ರದೇಶಗಳ ಶಾಲೆಗಳ ಶಿಕ್ಷಕರಿಗೆ ಮೂಲ ವೇತನದ ಶೇ 30ರಿಂದ 40ರಷ್ಟು ಕಷ್ಟ ಭತ್ಯೆ ಆರಂಭಿಸಿತು. ಅಲ್ಲಿ ಅಳತೆಯ ಗೆರೆ ಪಟ್ಟಣವಲ್ಲ, ರಸ್ತೆ ಎಂಬುದು ಗಮನಾರ್ಹ.

ಒಬ್ಬರೇ ಶಿಕ್ಷಕರಿರುವ ಶಾಲೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಒಬ್ಬರು ವರ್ಗವಾಗಿ ಹೋದ ಬಳಿಕ ಇನ್ನೊಬ್ಬರು ಬಾರದಿದ್ದರೆ ಶಾಲೆ ಏಕೋಪಾಧ್ಯಾಯ ಶಾಲೆಯಾಗುತ್ತದೆ. ಆಗ ಪಾಠ, ಬಿಸಿಯೂಟದ ಲೆಕ್ಕ, ಮೊಟ್ಟೆ ಖರೀದಿ, ವಿದ್ಯಾರ್ಥಿಗಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವುದು, ಸಭೆಗಳು ಎಲ್ಲವೂ ಒಬ್ಬರ ತಲೆಯ ಮೇಲೆಯೇ. ರಾಜ್ಯದ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯ ಸೌಲಭ್ಯವಿದೆ. ಆದರೆ ಬದಲಿ ಶಿಕ್ಷಕರಿಲ್ಲದ ಶಾಲೆಯಲ್ಲಿ ರಜೆ ಕೇಳುವುದಾದರೂ ಹೇಗೆ? ನೆರೆಯ ಶಾಲೆಯಿಂದ ನಿಯೋಜನೆ ಮಾಡಿದರೆ ಆ ಶಾಲೆಗೆ ಕೊರತೆ.

ಪಾಠೇತರ ಕೆಲಸದ ಹೊರೆಯೂ ಕಡಿಮೆಯೇನಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನೇಮಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಮೊಬೈಲ್ ಆ್ಯಪ್ ಆಧಾರಿತ ಇಂಥ ಕೆಲಸ ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಇನ್ನಷ್ಟು ಪ್ರಯಾಸಕರ.

ಹಳ್ಳಿ ಮೇಷ್ಟ್ರು ಶಾಲೆಗೆ ಬರುವುದೇ ಇಲ್ಲ ಎಂಬ ಆರೋಪ ನಗರಗಳಲ್ಲಿ ಸಾಮಾನ್ಯ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾರಣವಿಲ್ಲದೆ ಗೈರಾದವರು ಶೇ 2.5ರಷ್ಟು ಮಾತ್ರ. ಶಾಲೆಯಲ್ಲಿ ಇಲ್ಲದ ಉಳಿದವರು ಅಧಿಕೃತ ಕೆಲಸ, ತರಬೇತಿ ಅಥವಾ ರಜೆಯ ಮೇಲಿದ್ದರು.

ಲಭ್ಯವಿರುವ ನೆರವು

ಬೋಧನೆಯ ನೆರವಿನಲ್ಲಿ ಕರ್ನಾಟಕದ ಸಾಧನೆ ಗಣನೀಯ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕಲಿಸುವ 'ನಲಿ–ಕಲಿ' ಪದ್ಧತಿ ಆರಂಭವಾದದ್ದು 1995ರಲ್ಲಿ, ಕಾಡಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿನೊಂದಿಗೆ ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ಅಲ್ಲಿನ ಶಿಕ್ಷಕರೇ ಕನ್ನಡಕ್ಕೆ ಒಗ್ಗಿಸಿದರು. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಣೆಯಾಯಿತು. ಸಮೂಹ ಸಂಪನ್ಮೂಲ ಕೇಂದ್ರ, ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಜಿಲ್ಲಾ ಮಟ್ಟದ ಡಯಟ್‌ಗಳು ತರಬೇತಿಯ ಹೊಣೆ ಹೊತ್ತಿವೆ. 2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಕ್ರಿಯವಾಗಿರುವ ಕಡೆ, ಹೊಸದಾಗಿ ಬಂದ ಶಿಕ್ಷಕಿಗೆ ಊರಿನಲ್ಲೊಂದು ಸುರಕ್ಷಿತ ಮನೆ ಹುಡುಕಿಕೊಡುವುದೂ ಸುಲಭವಾಗುತ್ತದೆ.

ಸ್ಥಳೀಯರನ್ನೇ ನೇಮಿಸಿಕೊಳ್ಳುವುದು ಇನ್ನೊಂದು ದಾರಿ. ಸಂವಿಧಾನದ 371–ಜೆ ವಿಧಿಯಡಿ ಕಲ್ಯಾಣ ಕರ್ನಾಟಕದಲ್ಲಿ ಗ್ರೂಪ್ 'ಸಿ' ಹುದ್ದೆಗಳ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ತಾಲ್ಲೂಕಿಗೆ ಈ ಸೌಲಭ್ಯವಿದೆ, ಪಕ್ಕದ ಹರಿಹರಕ್ಕಿಲ್ಲ. ಕಾಯಂ ಶಿಕ್ಷಕರಿಲ್ಲದ ಕಡೆ ಅತಿಥಿ ಶಿಕ್ಷಕರೇ ಆಧಾರ. 2025–26ರ ಬಜೆಟ್‌ನಲ್ಲಿ ಅವರ ಮಾಸಿಕ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಲಾಗಿದೆ. ಆದರೂ ಅದು ಕಾಯಂ ಶಿಕ್ಷಕರ ವೇತನದ ಹತ್ತಿರಕ್ಕೂ ಬರುವುದಿಲ್ಲ, ಸೇವಾ ಭದ್ರತೆಯಂತೂ ಇಲ್ಲವೇ ಇಲ್ಲ.

ಆಗಬೇಕಾದ್ದು

ಪಟ್ಟಣದ ದೂರದ ಜೊತೆಗೆ ರಸ್ತೆ, ಸಾರಿಗೆ, ವಸತಿ, ನೆಟ್‌ವರ್ಕ್ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ದುರ್ಗಮ ಶಾಲೆಗಳ ಪಟ್ಟಿ ಸಿದ್ಧಪಡಿಸಿ, ಕೆಲ ವರ್ಷಗಳಿಗೊಮ್ಮೆ ಪರಿಷ್ಕರಿಸುವುದು ಮೊದಲ ಹೆಜ್ಜೆ. ಆ ಶಾಲೆಗಳಿಗೆ ಪ್ರತ್ಯೇಕ ಭತ್ಯೆ, ಶಿಕ್ಷಕರ ವಸತಿಗೃಹ, ಹೋಬಳಿಗೊಬ್ಬರಾದರೂ ಬದಲಿ ಶಿಕ್ಷಕ, ಇಂತಿಷ್ಟು ವರ್ಷ ದುಡಿದವರಿಗೆ ವರ್ಗಾವಣೆಯಲ್ಲಿ ಖಚಿತ ಆದ್ಯತೆ ದೊರೆಯಬೇಕು. ಕೊಕ್ಕನೂರಿಗೂ ಇಂಡಿಗನತ್ತಕ್ಕೂ ಒಂದೇ ಅಳತೆಗೋಲು ಹಿಡಿಯುವವರೆಗೆ, ನೆರವು ಅತಿ ಹೆಚ್ಚು ಬೇಕಾದ ಶಾಲೆಯೇ ಕೌನ್ಸೆಲಿಂಗ್ ಪಟ್ಟಿಯಲ್ಲಿ ಯಾರೂ ಆರಿಸಿಕೊಳ್ಳದೆ ಕೊನೆಗೆ ಉಳಿಯುತ್ತದೆ.