ತೊಟ್ಟಿಯ ಮನೆಯೂ ಹೊಸ ವಾಸ್ತುಶಿಲ್ಪವೂ

ಪರದೇಶಗಳ ಸುಂದರವಾದ ಮನೆಗಳ ಚಿತ್ರಗಳನ್ನು ನೋಡಿ, ಅಂಥದೊಂದು ನಮಗೂ ಇರಬಾರದೇ ಎಂದು ಹಂಬಲಿಸುವುದು ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾವಂತ ಕುಟುಂಬಗಳಲ್ಲಿ ಈಗ ಸಾಮಾನ್ಯವಾಗಿರುವುದು. ಇದು ದೋಷವಲ್ಲ. ಅಮೆರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಶಿಲ್ಪಿಯು 1935ರಲ್ಲಿ ರೂಪಿಸಿದ ‘ಫಾಲಿಂಗ್‌ವಾಟರ್’ ಎಂಬ ಮನೆಯು ಕಿರಿದಾದ ಜಲಪಾತವೊಂದರ ಮೇಲೆಯೇ ನಿಂತಿರುವುದು. ಶಿವನಸಮುದ್ರದ ಭೋರ್ಗರೆತವನ್ನು ಕೇಳಿದ ಮಳವಳ್ಳಿ ಸೀಮೆಯವರು ಆ ಕಲ್ಪನೆಗೆ ತಲೆದೂಗದಿರುವುದುಂಟೇ? ಆದರೆ ಮೆಚ್ಚುವುದು ಬೇರೆ, ಅನುಕರಿಸುವುದು ಬೇರೆ. ಆ ಮನೆಯ ಹಿರಿಮೆಯು ಆ ನೆಲಕ್ಕೂ ಆ ನೀರಿಗೂ ಅದು ಒಪ್ಪಿರುವುದರಲ್ಲಿದೆ. ಹಾಗಾದರೆ ನಮ್ಮ ನೆಲಕ್ಕೆ ಒಪ್ಪಿದ ಮನೆ ಯಾವುದು?

ಅದು ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ತಗ್ಗಾದ ಅಂಗಳ. ಸುತ್ತಲೂ ಮರದ ಕಂಬಗಳ ಮೇಲೆ ಒಳಮುಖವಾಗಿ ಇಳಿದ ಹೆಂಚಿನ ಮಾಡು. ಕಂಬಗಳ ಹಿಂದೆ ಪಡಸಾಲೆ, ಅದರಾಚೆ ಕೋಣೆಗಳು. ಬೀದಿಯ ಕಡೆಗೆ ಜಗಲಿ. ದಪ್ಪನಾದ ಮಣ್ಣಿನ ಗೋಡೆಯು ಹಗಲಿನ ಬಿಸಿಲನ್ನು ಬೇಗ ಒಳಗೆ ಬಿಡದು. ಕಾದ ಗಾಳಿಯು ತೊಟ್ಟಿಯ ಬಾಯಿಂದ ಮೇಲೇರಿದಂತೆಲ್ಲ ತಂಪಾದ ಗಾಳಿಯು ಬಾಗಿಲುಗಳಿಂದ ಒಳಸೇರುವುದು. ಸೂರಿನ ನೀರು ತೊಟ್ಟಿಗಿಳಿದು ಹೊರಹರಿಯುವುದು. ಕ್ರಿ. ಶ. 79ರಲ್ಲಿ ಬೂದಿಯೊಳಗೆ ಹುಗಿದುಹೋದ ಇಟಲಿಯ ಪಾಂಪೆಯಿ ನಗರದ ಸಿರಿವಂತರ ಮನೆಗಳಲ್ಲಿಯೂ, ಮಳೆಯ ನೀರನ್ನು ನಡುಮನೆಯ ತೊಟ್ಟಿಗೆ ಇಳಿಸುವ ಇಂಥದೇ ಏರ್ಪಾಡು ಇದ್ದಿತು.

ಮಂಡ್ಯವು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದೇ ವರ್ಷ, ನಾಜಿಗಳ ದೆಸೆಯಿಂದ ಜರ್ಮನಿಯನ್ನು ತೊರೆದಿದ್ದ ಆಟೋ ಕೋನಿಗ್ಸ್‌ಬರ್ಗರ್ ಎಂಬವರು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಯೂರೋಪಿನ ಹೊಸ ಶೈಲಿಯನ್ನು ಕಲಿತಿದ್ದ ಅವರು, ಉಷ್ಣದೇಶಗಳಲ್ಲಿ ಹವೆಗೆ ತಕ್ಕಂತೆ ಕಟ್ಟುವುದನ್ನು ಮುಂದೆ ಲಂಡನ್ನಿನಲ್ಲಿ ಒಂದು ಶಾಸ್ತ್ರವಾಗಿಯೇ ಬೋಧಿಸಿದರು. ಸಿಂಹಳದ ಜೆಫ್ರಿ ಬಾವಾ ಅವರು 1960ರ ದಶಕದ ಆದಿಯಲ್ಲಿ, ಈನಾ ಡಿ ಸಿಲ್ವಾ ಎಂಬ ಕಲಾವಿದೆಗಾಗಿ ಕೊಲಂಬೋ ನಗರದಲ್ಲಿ ಅಂಗಳವನ್ನೇ ನಡುವಿಟ್ಟು ಮನೆಯೊಂದನ್ನು ರಚಿಸಿ ಕೀರ್ತಿವಂತರಾದರು. ಆ ನಿವೇಶನವು ಕೈಬಿಟ್ಟುಹೋದಾಗ, ಅಲ್ಲಿಯವರು ಮನೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ಲುನುಗಂಗಾದಲ್ಲಿ ಮರಳಿ ನಿಲ್ಲಿಸಿದರು.

ನಮ್ಮಲ್ಲಿ ನಡೆಯುವುದೇನು? ಅಣ್ಣತಮ್ಮಂದಿರು ಪಾಲಾದರೆ ತೊಟ್ಟಿಯ ನಡುವೆ ಗೋಡೆ ಏಳುವುದು. ಕಂಬಗಳು ಹಳೆಯ ಮರದ ಬೆಲೆಗೆ ಹೋಗುವವು. ಆ ಸ್ಥಳದಲ್ಲಿ ಕಾಂಕ್ರೀಟಿನ ತಾರಸಿ ಏರಿ, ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಸುರಿಯುವುದು.

ತೊಟ್ಟಿಯ ಮನೆಯೇ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಊರಿನಲ್ಲಿ ಅದು ಉಳ್ಳವರ ಸೊತ್ತು. ಕೂಲಿಕಾರರಿಗೆ ಇದ್ದದ್ದು ಗುಡಿಸಲು. ಅಡುಗೆಮನೆಯ ಹೊಗೆಯಲ್ಲಿ ಹೆಂಗಸರ ಕಣ್ಣು ಬೆಂದದ್ದೂ ನಿಜವೇ. ಆದುದರಿಂದ ಹಿಂದಿನದಕ್ಕೆ ಹಾಗೆಯೇ ಮರಳಬೇಕಾಗಿಲ್ಲ. ಅದರ ದೋಷವನ್ನು ಕಳೆದು, ಗಾಳಿ ಬೆಳಕಿನ ಗುಟ್ಟನ್ನು ಉಳಿಸಿಕೊಂಡರೆ ಸಾಕು. ಆಗ ಸಣ್ಣ ಮನೆಗೂ ಒಂದು ತುಂಡು ಆಕಾಶ ದೊರೆಯುವುದು.

ಹಳೆಯ ಮನೆಯನ್ನು ಕೆಡವಲೇಬೇಕಾದವರು, ಕೆಡವುವ ಮುನ್ನ ಒಂದು ದಿನ ಅದರ ಉದ್ದಗಲಗಳನ್ನು ಅಳೆದು, ನಕ್ಷೆ ಬರೆದು, ಚಿತ್ರ ತೆಗೆದಿಡಲಿ. ಮುಂದೆ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಪರದೇಶದ ಚಿತ್ರಗಳಲ್ಲಿ ದೊರೆಯಲಾರದು.